ಸದ್ದುಬೇಡಪ್ಪನವರಿಗೆ ಸಂಘದ ಬೆಂಬಲ

ಎಲ್ಲಕ್ಕೂ ಮೂಲ ಒಂದು ಕಾಫಿ ಯಂತ್ರ.

ಕೇಸು ಗೆದ್ದ ಕಕ್ಷಿದಾರನೊಬ್ಬ ಖುಷಿ ತಡೆಯಲಾರದೆ ಅದನ್ನು ಕೋರ್ಟಿನ ವಕೀಲರಿಗೆಲ್ಲ ಸೇರಿಸಿ ಉಡುಗೊರೆ ಕೊಟ್ಟಿದ್ದ. ಆನೆಮರಿಯಷ್ಟು ತೂಕ, ಮೈತುಂಬ ಗುಂಡಿಗಳು, ಎರಡು ಮೂತಿ. ಅದು ಕೆಲಸ ಮಾಡಬೇಕಾದರೆ ಪಕ್ಕದಲ್ಲೇ ನಲ್ಲಿ ಇರಬೇಕು, ಗಟ್ಟಿಮುಟ್ಟಾದ ಪ್ಲಗ್ ಇರಬೇಕು, ಉಗಿ ಹೊರಗೆ ಹೋಗಲು ದೊಡ್ಡ ಕಿಟಕಿ ಇರಬೇಕು. ಇಡೀ ಕೋರ್ಟ್ ಕಟ್ಟಡದಲ್ಲಿ ಈ ಮೂರೂ ಒಟ್ಟಿಗೆ ಇದ್ದದ್ದು ಒಂದೇ ಕೋಣೆಯಲ್ಲಿ. ಆ ಕೋಣೆ ಲೈಬ್ರರಿ.

ಹಾಗಾಗಿ ಯಂತ್ರವು ಲೈಬ್ರರಿಯ ಬಾಗಿಲಿಗೆ ಎದುರಾಗಿ ಕಾರಿಡಾರಿನಲ್ಲಿ ಮುಸುಕು ಹೊದ್ದುಕೊಂಡು, ಛತ್ರ ಯಾವಾಗ ಖಾಲಿಯಾಗುತ್ತದೋ ಎಂದು ಕಾಯುವ ಮದುಮಗನ ಹಾಗೆ ನಿಂತಿತ್ತು.

ಲೈಬ್ರರಿಯ ಗ್ರಂಥಪಾಲಕರಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಸಂಬಳದ ಪಟ್ಟಿ ಬಿಟ್ಟರೆ ಅದು ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ಯಾರು ಎರಡು ಮಾತಾಡಿದರೂ ತುಟಿಗೆ ಬೆರಳಿಟ್ಟು "ಸದ್ದು ಬೇಡಪ್ಪ" ಅನ್ನುವುದು ಅವರ ರೂಢಿ. ವಕೀಲರು ಅದನ್ನೇ ಅವರಿಗೆ ಹೆಸರು ಮಾಡಿ ಅಂಟಿಸಿಬಿಟ್ಟಿದ್ದರು. ಒಮ್ಮೆ ಅಂಚೆಯವನು ಮನೆ ಬಾಗಿಲಿಗೆ ಬಂದು "ಸದ್ದುಬೇಡಪ್ಪನವರ ಮನೆ ಇದೇ ಏನಮ್ಮ?" ಎಂದು ಕೇಳಿದಾಗ ಹೆಂಡತಿ ಒಂದು ಕ್ಷಣವೂ ಯೋಚಿಸದೆ "ಹೌದು, ಕೊಡಿ" ಅಂದಿದ್ದಳು.

ಕಾನೂನಿನ ಲೈಬ್ರರಿಯೆಂದರೆ ಕತೆ ಕಾದಂಬರಿಯ ಲೈಬ್ರರಿಯಲ್ಲ. ಕಾದಂಬರಿಯನ್ನು ಒಮ್ಮೆ ಕಪಾಟಿನಲ್ಲಿಟ್ಟರೆ ಅದರ ಕೊನೆಯ ಅಧ್ಯಾಯವನ್ನು ಯಾರೂ ಬಂದು ಬದಲಾಯಿಸುವುದಿಲ್ಲ. ಕಾನೂನು ಹಾಗಲ್ಲ. ಇವತ್ತು ಇದ್ದ ಕಲಮು ನಾಳೆ ಇಲ್ಲ. ಆದ ಪ್ರತಿ ತಿದ್ದುಪಡಿಯನ್ನೂ ಚೀಟಿಯಾಗಿ ಕತ್ತರಿಸಿ, ಆಯಾ ಪುಟ ಹುಡುಕಿ, ಆಯಾ ಸಾಲಿನ ಪಕ್ಕದಲ್ಲೇ ಅಂಟಿಸಬೇಕು. ಸದ್ದುಬೇಡಪ್ಪನವರ ಬಲ ಹೆಬ್ಬೆರಳಿನಲ್ಲಿ ಗೋಂದು ಒಣಗಿದ್ದನ್ನು ಯಾರೂ ಕಂಡಿರಲಿಲ್ಲ. ಇಷ್ಟು ಮಾಡಿಟ್ಟದ್ದನ್ನು ವಕೀಲರು ಏನು ಮಾಡುತ್ತಿದ್ದರು? ಒಬ್ಬರು ಮಧ್ಯಾಹ್ನದ ನಿದ್ದೆಗೆ ದಪ್ಪ ಸಂಪುಟವನ್ನು ತಲೆದಿಂಬು ಮಾಡಿಕೊಳ್ಳುತ್ತಿದ್ದರು. ಇನ್ನೊಬ್ಬರು ಎದುರಾಳಿಗೆ ಸಿಗಬಾರದೆಂದು ತೀರ್ಪಿನ ಪುಟವನ್ನೇ ಹರಿದು ಜೇಬಿಗಿಳಿಸುತ್ತಿದ್ದರು. ಉಳಿದವರು ಒಳಗೆ ಬರುತ್ತಿದ್ದುದು ಫೋನ್ ಚಾರ್ಜಿಗೆ ಹಾಕಲು.

"ಇಂಥವರಿಗೆ ಕಾಫಿ ಬೇಕಂತೆ, ಕಾಫಿ!" ಎಂದು ಸದ್ದುಬೇಡಪ್ಪನವರು ಆ ಬೆಳಿಗ್ಗೆ ಮನೆಯಲ್ಲಿ ಕೂಗಾಡುತ್ತಿದ್ದರು. "ನನ್ನ ಪುಸ್ತಕಗಳನ್ನ ಮೆಟ್ಟಿಲ ಕೆಳಗಿನ ಪಂಪ್ ಕೋಣೆಗೆ ಹಾಕ್ತಾರಂತೆ. ಪಂಪ್ ಕೋಣೆ! ನೀರಿನ ಮೋಟಾರಿನ ಪಕ್ಕ! ದನದ ಕೊಟ್ಟಿಗೆ ಅಂದುಕೊಂಡಿದಾರೇನು?"

"ನನ್ನ ಹತ್ರ ಕೂಗಾಡಿದ್ರೆ ಏನು ಬಂತು?" ಹೆಂಡತಿ ತಟ್ಟೆ ಒರೆಸುತ್ತ ಹೇಳಿದಳು. "ಬಡವನ ಸಿಟ್ಟು ದವಡೆಗೆ ಮೂಲ. ಹೋಗಿ ಆ ವಕೀಲರ ಮುಂದೆ ಕೂಗಿ."

"ಲೈಬ್ರರೀಲಿ ಕೂಗಬಾರದು ಕಣೇ!"

"ಹಾಗಾದ್ರೆ ನಿಮ್ಮ ಸಂಘ ಏನು ಮಾಡ್ತಿದೆ? ಕಾನೂನು ಗ್ರಂಥಪಾಲಕರ ಸಂಘ, ಗ್ರಂಥಪಾಲಕರ ಸಂಘ ಅಂತ ವರ್ಷಾ ವರ್ಷಾ ಸಮ್ಮೇಳನಕ್ಕೆ ಓಡ್ತೀರಿ. ಬರ್ತಾ ಒಂದು ಬಟ್ಟೆ ಚೀಲ ತರ್ತೀರಿ. ಈ ಮನೇಲಿ ಈರುಳ್ಳಿಗಿಂತ ನಿಮ್ಮ ಸಂಘದ ಚೀಲಾನೇ ಜಾಸ್ತಿ ಆಗಿದೆ. ಕಷ್ಟ ಬಂದಾಗ ಆಗದ ಸಂಘ ಎಂಥ ಸಂಘ?"

ಮಾತು ನಾಟಿತು. ಸದ್ದುಬೇಡಪ್ಪನವರು ಅಲ್ಲೇ ನಿಂತು ಸಂಘದ ಅಧ್ಯಕ್ಷೆಗೆ ಫೋನ್ ಮಾಡಿದರು. ಅಧ್ಯಕ್ಷೆ ಕಾನೂನು ಕಾಲೇಜಿನ ಲೈಬ್ರರಿಯವರು. ಅವರ ಕಣ್ಣು ತಪ್ಪಿಸಿ ಒಂದು ಪುಸ್ತಕ ಆಚೀಚೆ ಆದದ್ದು ಇಲ್ಲ. ಸಂಗತಿ ಕೇಳಿ ಅವರು ಕೆಂಡವಾದರು.

"ಏನಂದ್ರಿ? ಕಾಫಿಗಾಗಿ ಲೈಬ್ರರೀನಾ? ಅನ್ಯಾಯ! ನಮ್ಮ ಸದಸ್ಯರ ಒಂದು ಕೂದಲು ಕೊಂಕೋಕೂ ಬಿಡಲ್ಲ ನಾವು!"

ಸದ್ದುಬೇಡಪ್ಪನವರು ತಮ್ಮ ಬೋಳು ತಲೆಯನ್ನು ಕೃತಜ್ಞತೆಯಿಂದ ಸವರಿಕೊಂಡರು. "ಇವತ್ತು ಸಂಜೆ ಕೋರ್ಟ್ ಎದ್ದ ಮೇಲೆ ದೊಡ್ಡ ನ್ಯಾಯಾಧೀಶರು ಖುದ್ದು ಬಂದು ನೋಡ್ತಾರೆ ಮೇಡಂ. ಪುಸ್ತಕಗಳೆಲ್ಲ ಪಂಪ್ ಕೋಣೇಲಿ ಹಿಡಿಯೋ ಹಾಗಿದ್ರೆ ಅಲ್ಲಿಗೆ ಸಾಗಿಸಿ, ಹಿಡಿಯದೆ ಹೋದ್ರೆ ಲೈಬ್ರರಿ ಇಲ್ಲೇ ಇರಲಿ ಅಂತ ಅವರ ಮಾತು. ನೀವು ಬಂದು ಏನೂ ಮಾಡೋದು ಬೇಡ. ಓದುಗರ ಥರ ಸುಮ್ನೆ ಕೂತ್ಕೊಂಡ್ರೆ ಸಾಕು."

"ಸುಮ್ನೆ ಕೂರೋದಾ?" ಅಧ್ಯಕ್ಷೆಯ ದನಿ ಇನ್ನಷ್ಟು ಏರಿತು. "ನಮ್ಮದು ಸುಮ್ನೆ ಕೂರೋ ಸಂಘ ಅಲ್ಲ ಕಣ್ರೀ! ಕಾರ್ಯಕಾರಿ ಸಮಿತಿ ಪೂರ್ತಿ ಕರಕೊಂಡು ಬರ್ತೀನಿ."

ಆ ಮಾತಿನಲ್ಲಿದ್ದ ಅಪಾಯ ಆಗ ಸದ್ದುಬೇಡಪ್ಪನವರಿಗೆ ಹೊಳೆಯಲಿಲ್ಲ. ಎದೆಯುಬ್ಬಿಸಿಕೊಂಡು ಕೋರ್ಟಿಗೆ ಹೊರಟರು.

ಎದೆಯುಬ್ಬಲು ಇನ್ನೊಂದು ಕಾರಣವೂ ಇತ್ತು. ನ್ಯಾಯಾಧೀಶರ ಮಾತು ಕಿವಿಗೆ ಬಿದ್ದ ದಿನದಿಂದ ಅವರು ಉಗ್ರಾಣದಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಸಂಪುಟಗಳನ್ನೆಲ್ಲ ಹೊತ್ತು ತಂದು ಕಪಾಟುಗಳಿಗೆ ತುಂಬಿದ್ದರು. ರದ್ದಾದ ಕಾಯ್ದೆಗಳು, ಅವುಗಳನ್ನು ರದ್ದು ಮಾಡಿ ತಾವೂ ರದ್ದಾದ ಕಾಯ್ದೆಗಳು, ಒಂದೇ ಪುಸ್ತಕದ ಐದಾರು ಮುದ್ರಣಗಳು, ದೋಣಿ ಸುಂಕದ ನಿಯಮಾವಳಿ, ಬೀದಿದೀಪದ ಎಣ್ಣೆಯ ಕುರಿತಾದ ಅಧಿಸೂಚನೆಗಳು. ಕಪಾಟಿನಲ್ಲಿ ಒಂದು ಬೆರಳು ತೂರುವಷ್ಟು ಜಾಗ ಉಳಿದಿರಲಿಲ್ಲ. ಈ ರಾಶಿಯನ್ನು ಪಂಪ್ ಕೋಣೆಗೆ ತುಂಬುವುದು ಹುಣಸೆಹಣ್ಣಿನ ಮೂಟೆಯನ್ನು ಉಪ್ಪಿನ ಬಟ್ಟಲಿಗೆ ತುರುಕಿದ ಹಾಗೆ. ಮೋಸ ಅನ್ನಬಹುದು. ಆದರೆ ಸದ್ದುಬೇಡಪ್ಪನವರ ದೃಷ್ಟಿಯಲ್ಲಿ ಅದು ಆತ್ಮರಕ್ಷಣೆ. ಆತ್ಮರಕ್ಷಣೆಗೆ ಕಾನೂನಿನಲ್ಲೇ ಅವಕಾಶವಿದೆ.

ಬಾಗಿಲು ತೆರೆಯುವಷ್ಟರಲ್ಲಿ ದರ್ಜಿ ಅಕ್ಕ ಬಂದು ನಿಂತಿದ್ದಳು. ಕಿಟಕಿ ಪಕ್ಕದ ಬೆಂಚು ಅವಳದು. ಅವಳ ಹೊಲಿಗೆ ಅಂಗಡಿಯನ್ನು ಖಾಲಿ ಮಾಡಿಸಲು ಮಾಲೀಕ ಕೋರ್ಟಿಗೆ ಹೋಗಿದ್ದ. ವಕೀಲರನ್ನಿಟ್ಟುಕೊಳ್ಳುವ ಶಕ್ತಿಯಿಲ್ಲದ ಅವಳು ತನ್ನ ಕೇಸನ್ನು ತಾನೇ ಓದಿ ತಾನೇ ವಾದಿಸುತ್ತಿದ್ದಳು. ಕಾಯ್ದೆಯ ಪುಟದ ಮೇಲೆ ಅವಳು ಬೆರಳಾಡಿಸುವುದು ಬಟ್ಟೆಯ ಅಳತೆ ತೆಗೆದ ಹಾಗೇ ಇರುತ್ತಿತ್ತು.

"ಅಣ್ಣಾ, ನಾಳೆ ನನ್ನ ವಾದ. ಆ ಹಳೇ ಬಾಡಿಗೆ ಕಾಯ್ದೆ ಇದೆ ತಾನೆ? ಹೊಸ ಕಾಯ್ದೆ ಪ್ರಕಾರ ನನಗೆ ಜಾಗ ಇಲ್ಲ. ಆದ್ರೆ ನಾನು ಅಂಗಡಿ ಹಿಡಿದಾಗ ಹಳೇದೇ ಇತ್ತಲ್ಲ?"

"ಹಳೇ ಕರಾರಿಗೆ ಹಳೇ ಕಾನೂನೇ ಅಕ್ಕಾ. ಕಾನೂನು ಸತ್ರೂ ಅದು ಕೊಟ್ಟ ಹಕ್ಕು ಸಾಯಲ್ಲ. ನಿಮಗೆ ಬೇಕಾದ ಕಲಮು ಇಲ್ಲೇ ಇದೆ." ಅವರು ಕಂದು ರಟ್ಟಿನ ಸಂಪುಟವೊಂದನ್ನು ಹಿರಿದು ತೋರಿಸಿದರು. ಅದರ ಬೆನ್ನು ಹರಿದದ್ದಕ್ಕೆ ತಾವೇ ಹಾಕಿದ ನೀಲಿ ಬಟ್ಟೆಯ ತೇಪೆಯಿತ್ತು. ಊರಿನಲ್ಲಿ ಆ ಕಾಯ್ದೆಯ ಪೂರ್ತಿ ಪ್ರತಿ ಅದೊಂದೇ.

"ಈಗ ಅಂಗಡಿ ತೆಗೀಬೇಕು. ಸಂಜೆ ಬಂದು ಬರ್ಕೋತೀನಿ ಅಣ್ಣಾ. ಎಲ್ಲೂ ಹೋಗಲ್ಲ ತಾನೆ ಅದು?"

"ನಾನಿರೋವರೆಗೂ ಎಲ್ಲಿಗೆ ಹೋಗುತ್ತೆ ಅಕ್ಕಾ?" ಅಂದರು ಸದ್ದುಬೇಡಪ್ಪನವರು. ಅಂಥ ಮಾತು ಆಡಬಾರದಿತ್ತು.

ಅವಳು ಹೋದ ಸ್ವಲ್ಪ ಹೊತ್ತಿಗೆ ಸಂಘ ಬಂತು.

ಕೊಳಾಯಿಯ ಮುಂದೆ ಬಿಂದಿಗೆ ಇಟ್ಟ ಹಾಗೆ ಸಾಲಾಗಿ ಬಂದರು. ಎಲ್ಲರ ಹೆಗಲಲ್ಲೂ ಸಮ್ಮೇಳನದ ಬಟ್ಟೆ ಚೀಲ. ಎಲ್ಲರಿಗಿಂತ ಮುಂದೆ ಅಧ್ಯಕ್ಷೆ. ಅವರ ಹಿಂದೆ ತೆರಿಗೆ ಕಚೇರಿ ಲೈಬ್ರರಿಯ ಖಜಾಂಚಿ, ಧೂಳು ಆಗದ ಮನುಷ್ಯ, ಮೂಗಿಗೆ ಕರವಸ್ತ್ರ. ಅವರ ಹಿಂದೆ ಒಂದು ಭಾರಿ ವಕೀಲರ ಕಂಪನಿಯಲ್ಲಿ ಕಾನೂನು ಮಾಹಿತಿ ತಜ್ಞೆಯಾಗಿದ್ದ ಹೆಂಗಸು, ಕಂಕುಳಲ್ಲಿ ಲ್ಯಾಪ್‌ಟಾಪ್. ಆಮೇಲೆ ಉಳಿದ ಸಮಿತಿ. ಸದ್ದುಬೇಡಪ್ಪನವರ ಕಣ್ಣು ತೇವವಾಯಿತು. ಈ ಜಗತ್ತಿನಲ್ಲಿ ತಮಗೂ ನಮ್ಮವರು ಅಂತ ಇದ್ದಾರೆ!

"ಮೊದಲು ಸಭೆ," ಎಂದು ಅಧ್ಯಕ್ಷೆ ಪಿಸುಗುಟ್ಟಿದರು. ಗೋಡೆಯ ಮೇಲೆ 'ಮೌನ' ಎಂಬ ಫಲಕವಿತ್ತು. ಅದನ್ನು ಮೀರುವುದು ಅಲ್ಲಿದ್ದ ಯಾರ ಜಾಯಮಾನವೂ ಅಲ್ಲ. ಸ್ವಾಗತ ಪಿಸುಮಾತಿನಲ್ಲಿ ನಡೆಯಿತು. ಹೋದ ಸಭೆಯ ವರದಿ ಪಿಸುಮಾತಿನಲ್ಲಿ ನಡೆಯಿತು. ಕಾಫಿ ಯಂತ್ರವನ್ನು ಖಂಡಿಸುವ ನಿರ್ಣಯವನ್ನು ಎಷ್ಟು ಉಗ್ರವಾಗಿ ಪಿಸುಗುಟ್ಟಿದರೆಂದರೆ ಮೇಜಿನ ಮೇಲಿನ ಹಾಳೆ ಅಲುಗಾಡಿತು. ಎಲ್ಲರೂ ಕೈಯೆತ್ತಿ ಅನುಮೋದಿಸಿದರು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಒಂದು ತಲೆ ಇಣುಕಿತು. ಕಾಫಿ ಯಂತ್ರದ ಪರ ಓಡಾಡುತ್ತಿದ್ದ ವಕೀಲರು ಅವರೇ. ಅವರನ್ನು ಎಲ್ಲರೂ ಕಾಫಿ ವಕೀಲರೆಂದೇ ಕರೆಯುತ್ತಿದ್ದರು. ತಲೆ ತಗ್ಗಿಸಿ ಮೌನವಾಗಿ ನಿಂತ ಗುಂಪು ಕಂಡು ಅವರ ಮುಖ ಸಣ್ಣದಾಯಿತು. ತಾವೂ ಕೈಕಟ್ಟಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಸದ್ದುಬೇಡಪ್ಪನವರ ಕಿವಿಯ ಹತ್ತಿರ ಬಗ್ಗಿ, "ಪಾಪ, ಯಾರು ಹೋದ್ರು ಸಾರ್?" ಎಂದು ಕೇಳಿದರು.

"ಯಾರೂ ಹೋಗಿಲ್ಲ! ಇದು ಪ್ರತಿಭಟನೆ!" ಎಂದು ಸದ್ದುಬೇಡಪ್ಪನವರು ಉಸಿರಿನಲ್ಲೇ ಗುಡುಗಿದರು.

"ಹೌದಾ? ನಡೀಲಿ, ನಡೀಲಿ," ಎಂದು ಅವರು ಸಮಾಧಾನದಿಂದ ಹೊರಟುಹೋದರು. ಅದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ?

ಸಭೆ ಮುಗಿಯಿತು. ಇನ್ನು ಅವರು ಕೂತು ಓದಬೇಕಿತ್ತು, ಅಷ್ಟೇ. ಆದರೆ ಅಡುಗೆ ಬಲ್ಲವಳನ್ನು ಇನ್ನೊಬ್ಬರ ಅಡುಗೆಮನೆಯಲ್ಲಿ ಸುಮ್ಮನೆ ಕೂರಿಸಲು ಸಾಧ್ಯವೇ? ಒಬ್ಬರು ಎದ್ದು ಓರೆಯಾಗಿದ್ದ ಪುಸ್ತಕವನ್ನು ನೆಟ್ಟಗೆ ಮಾಡಿದರು. ಇನ್ನೊಬ್ಬರು ತಲೆಕೆಳಗಾಗಿದ್ದ ಸಂಪುಟವನ್ನು ತಿರುಗಿಸಿಟ್ಟರು. ಆಮೇಲೆ ಅಧ್ಯಕ್ಷೆ ಒಂದು ಸಂಪುಟ ಹಿರಿದು, ಪುಟ ತಿರುವಿ, ಹಾವು ಮುಟ್ಟಿದವರ ಹಾಗೆ ಹಿಂದೆ ಸರಿದರು.

"ಅಯ್ಯೋ, ಇದು ಸತ್ತಿದೆಯಲ್ರೀ!"

"ಯಾವುದು ಮೇಡಂ?" ಎಂದರು ಸದ್ದುಬೇಡಪ್ಪನವರು.

"ಈ ಕಾಯ್ದೆ. ರದ್ದಾಗಿ ಯಾವ ಕಾಲ ಆಯ್ತು! ಇದರ ಪಕ್ಕದ್ದೂ ಸತ್ತಿದೆ. ಅದರ ಪಕ್ಕದ್ದೂ! ಇದೇನ್ರೀ, ಕಪಾಟೋ ಸ್ಮಶಾನವೋ? ರದ್ದಾದ ಕಾನೂನು ಕಪಾಟಿನಲ್ಲಿರೋದು, ಔಷಧಿ ಅಂಗಡೀಲಿ ಅವಧಿ ಮುಗಿದ ಮಾತ್ರೆ ಇಟ್ಟ ಹಾಗೆ. ಯಾರಾದ್ರೂ ಗೊತ್ತಿಲ್ಲದೆ ನುಂಗಿದ್ರೆ?"

"ಇವತ್ತೊಂದು ದಿನ ಇರಲಿ ಮೇಡಂ..."

"ಈ ಮಾತು ನೀವಾ ಹೇಳೋದು?" ಖಜಾಂಚಿ ಕರವಸ್ತ್ರ ತೆಗೆದರು. ಅವರ ಮುಖದಲ್ಲಿ ಬಹಳ ದಿನದ ಬಾಕಿ ತೀರುವ ಕಳೆ ಇತ್ತು. "ಹೋದ ಸಮ್ಮೇಳನದಲ್ಲಿ ಮೇಜು ಗುದ್ದಿ ನಿರ್ಣಯ ಮಂಡಿಸಿದ್ದು ಯಾರು? 'ಸತ್ತ ಕಾನೂನು ಕಪಾಟಿನಲ್ಲಿ ಕಂಡ ಕೂಡಲೇ ಯಾವ ಸದಸ್ಯನಾದರೂ ಅದನ್ನು ಹೊರಗೆ ತೆಗೆಯತಕ್ಕದ್ದು, ಯಾರೂ ತಡೆಯತಕ್ಕದ್ದಲ್ಲ.' ನನ್ನ ಲೈಬ್ರರೀನೇ ಉದಾಹರಣೆ ಕೊಟ್ಟು, ನನ್ನ ಕಡೆಗೇ ಬೆರಳು ತೋರಿಸಿ ಹೇಳಿದ್ರಿ. ಮರ್ತ್‌ಹೋಯ್ತಾ?"

ಮರೆತಿರಲಿಲ್ಲ. ಆ ಭಾಷಣಕ್ಕೆ ಒಳ್ಳೆಯ ಚಪ್ಪಾಳೆ ಬಿದ್ದಿತ್ತು.

"ಅಲ್ಲ, ಸತ್ತ ಕಾನೂನೂ ಒಮ್ಮೊಮ್ಮೆ ಬೇಕಾಗುತ್ತೆ. ಹಳೇ ವ್ಯವಹಾರಕ್ಕೆ..." ಎಂದು ಅವರು ತೊದಲಿದರು. ಪಿಸುಮಾತಿನಲ್ಲಿ ಸಿಟ್ಟು ಮಾಡುವುದು ಒದ್ದೆ ಕಡ್ಡಿಯಲ್ಲಿ ಬೆಂಕಿ ಹಚ್ಚಿದ ಹಾಗೆ. ಗೀರಿದಷ್ಟೂ ಹೊಗೆ.

"ಬೇಕಾದ್ರೆ ಬೇರೆ ಕಟ್ಟು ಕಟ್ಟಿ ಇಡ್ತೀವಿ, ಎಸೆಯಲ್ಲ," ಎಂದರು ಅಧ್ಯಕ್ಷೆ. "ಕಷ್ಟದಲ್ಲಿರೋ ಸದಸ್ಯನ ಲೈಬ್ರರಿ ನ್ಯಾಯಾಧೀಶರ ಕಣ್ಣಿಗೆ ಹೀಗೆ ಬೀಳಬೇಕಾ? ಸಂಘದ ಮರ್ಯಾದೆ ಪ್ರಶ್ನೆ. ಏಳ್ರೀ ಎಲ್ಲರೂ!"

"ಇದರ ಪಟ್ಟಿಯೆಲ್ಲ ನನ್ನ ಲ್ಯಾಪ್‌ಟಾಪಲ್ಲೇ ಇದೆ ಸಾರ್," ಎಂದು ಮಾಹಿತಿ ತಜ್ಞೆ ಅನುಕಂಪದಿಂದ ಸೇರಿಸಿದಳು. "ಯಾವುದು ಬದುಕಿದೆ, ಯಾವುದು ಸತ್ತಿದೆ ಅಂತ ನಾನು ನೋಡಿ ಹೇಳ್ತಾ ಹೋಗ್ತೀನಿ. ನೀವು ಚಿಂತೆ ಮಾಡ್ಬೇಡಿ."

ಸದ್ದುಬೇಡಪ್ಪನವರು ಕಪಾಟಿಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತರು. ಅಷ್ಟರಲ್ಲಿ ಜವಾನ ಬಂದ. "ಸಾರ್, ದೊಡ್ಡ ಸಾಹೇಬ್ರು ಈಗಲೇ ಛೇಂಬರ್ ಹತ್ರ ಬಂದು ಕೂತ್ಕೋಬೇಕಂತೆ. ಬಿಡುವಾದಾಗ ಕರೀತಾರಂತೆ."

ಹೋಗದೆ ವಿಧಿಯಿರಲಿಲ್ಲ. ಬಾಗಿಲಲ್ಲಿ ತಿರುಗಿ, ಕೈಮುಗಿದು, "ಏನೂ ಮುಟ್ಟಬೇಡಿ" ಎಂಬ ಭಾವದಲ್ಲಿ ಬೆರಳಾಡಿಸಿದರು. ಅಧ್ಯಕ್ಷೆ "ನೀವು ನಿಶ್ಚಿಂತೆಯಾಗಿ ಹೋಗ್ಬನ್ನಿ" ಎಂಬ ಭಾವದಲ್ಲಿ ಕೈ ಬೀಸಿದರು.

ಛೇಂಬರಿನ ಹೊರಗಿನ ಬೆಂಚಿನ ಮೇಲೆ ಕಾಫಿ ವಕೀಲರು ಆಗಲೇ ಕಾಲು ಚಾಚಿ ಕೂತಿದ್ದರು.

"ಬನ್ನಿ ಬನ್ನಿ, ಕೂತ್ಕೊಳ್ಳಿ. ನಿಮ್ಮವರು ಘೋಷಣೆ ಗೀಷಣೆ ಏನಾದ್ರೂ ಕೂಗ್ತಾರಾ?"

"ನಾವು ಕೂಗೋ ಜನ ಅಲ್ಲ."

"ಮತ್ತೆ ಏನು ಮಾಡ್ತಾರೆ?"

"ಓದ್ತಾರೆ."

"ಅಯ್ಯೋ ಪಾಪ," ಅಂದರು ಕಾಫಿ ವಕೀಲರು. "ನೋಡಿ, ನನಗೇನೂ ನಿಮ್ಮ ಮೇಲೆ ದ್ವೇಷ ಇಲ್ಲ. ಪಂಪ್ ಕೋಣೆ ತಣ್ಣಗಿದೆ. ಬೇಸಿಗೇಲಿ ನಾನೇ ಅಲ್ಲಿಗೆ ಬಂದು ಮಲಗ್ತೀನಿ."

"ಮಲಗೋಕೆ ಅಂತಾನೇ ನಿಮಗೆ ಸಂಪುಟಗಳು ಬೇಕಾಗಿರೋದು! ಹೋದ ತಿಂಗಳು ನೀವು ತಲೆ ಇಟ್ಟಿದ್ದ ತೀರ್ಪಿನ ಪುಸ್ತಕದಲ್ಲಿ ಇನ್ನೂ ತಲೆಗೆಣ್ಣೆ ಕಲೆ ಇದೆ. ನಾಚಿಕೆ ಆಗಬೇಕು!"

"ಅದರಲ್ಲಿ ನಾನು ಸೋತ ಕೇಸಿದೆ. ಅದನ್ನ ಓದೋದಕ್ಕಿಂತ ಮಲಗೋದೇ ವಾಸಿ."

ಒಳಗಿನಿಂದ ಕರೆ ಬರಲಿಲ್ಲ. ಊಟದ ಹೊತ್ತು ಬಂತು, ಹೋಯಿತು. ಏಳೋಣವೆಂದರೆ ಎದ್ದ ಗಳಿಗೆಯಲ್ಲೇ ಕರೆದುಬಿಟ್ಟರೆ ಎಂಬ ಹೆದರಿಕೆ. ಆಗಾಗ ಸದ್ದುಬೇಡಪ್ಪನವರು ಕಿವಿ ನಿಮಿರಿಸಿ ಲೈಬ್ರರಿಯ ಕಡೆಗೆ ಆಲಿಸುತ್ತಿದ್ದರು. ಖಜಾಂಚಿಯ ಸೀನು ಬಿಟ್ಟರೆ ಏನೂ ಕೇಳಿಸಲಿಲ್ಲ. ಅವರಿಗೆ ಧೈರ್ಯ ಬಂತು. ಇಷ್ಟು ವರ್ಷದ ಅನುಭವದಲ್ಲಿ ಸದ್ದಿಲ್ಲದ ಲೈಬ್ರರಿಯೊಳಗೆ ಕೆಟ್ಟದ್ದು ನಡೆದದ್ದನ್ನು ಅವರು ಕಂಡಿರಲಿಲ್ಲ. ಕಳ್ಳರಿಗಿಂತ ಸದ್ದಿಲ್ಲದೆ ಕೆಲಸ ಮಾಡುವ ಜನವೊಂದಿದ್ದರೆ ಅದು ತಮ್ಮದೇ ಕುಲ ಎಂಬುದು ಆ ಗಳಿಗೆಯಲ್ಲಿ ಅವರಿಗೆ ನೆನಪಾಗಲಿಲ್ಲ.

ಕಲಾಪ ಮುಗಿಯಿತು. ದೊಡ್ಡ ನ್ಯಾಯಾಧೀಶರು ಹೊರಗೆ ಬಂದರು. "ಏನ್ರೀ, ಇಬ್ಬರೂ ಇಲ್ಲೇ ಇದ್ದೀರಾ? ಒಳ್ಳೇದಾಯ್ತು. ನಡೀರಿ, ನೋಡೇಬಿಡೋಣ," ಎಂದು ಮುಂದೆ ನಡೆದರು. ಕರೆಸಿದ್ದು ಯಾತಕ್ಕೆಂದು ಅವರಿಗೆ ಮರೆತೇ ಹೋಗಿತ್ತು.

ಲೈಬ್ರರಿಯ ಬಾಗಿಲು ತೆರೆಯಿತು. ಸದ್ದುಬೇಡಪ್ಪನವರು ಹೊಸ್ತಿಲಲ್ಲೇ ಗೂಟ ಹೊಡೆದ ಹಾಗೆ ನಿಂತರು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ಕಪಾಟುಗಳು ಖಾಲಿ. ಗೋಡೆಯುದ್ದಕ್ಕೂ ಖಾಲಿ. ಹಲ್ಲುದುರಿದ ಬಾಯಿಯ ಹಾಗೆ ಬಾಯ್ದೆರೆದ ಕಪಾಟುಗಳು. ಸತ್ತ ಕಾನೂನುಗಳೆಲ್ಲ ಹುರಿಹಗ್ಗದಲ್ಲಿ ಕಟ್ಟುಕಟ್ಟಾಗಿ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಬದುಕಿದ್ದ ಕಾನೂನುಗಳು ಬಾಗಿಲ ಪಕ್ಕದ ಮೂರೇ ಕಪಾಟಿನಲ್ಲಿ ಶಾಲೆಯ ಮಕ್ಕಳಂತೆ ಎತ್ತರದ ಪ್ರಕಾರ ನಿಂತಿದ್ದವು. ಪ್ರತಿಯೊಂದಕ್ಕೂ ಹೊಸ ಲೇಬಲ್. ಕಿಟಕಿಯ ಗಾಜು ಕೂಡ ಒರೆಸಿದ್ದರು. ಕೈತೊಳೆದುಕೊಂಡ ಸಮಿತಿ ಈಗ ಮೇಜಿನ ಸುತ್ತ ಕೂತು, ಹೇಳಿದ್ದ ಹಾಗೇ, ಓದುತ್ತಿತ್ತು.

"ಭೇಷ್!" ಅಂದರು ನ್ಯಾಯಾಧೀಶರು. "ಇದೇನ್ರೀ ಇದು! ನಾನೆಷ್ಟು ವರ್ಷದಿಂದ ಈ ಕೋರ್ಟಲ್ಲಿದೀನಿ, ಲೈಬ್ರರಿ ಇಷ್ಟು ಚೊಕ್ಕವಾಗಿ ಕಂಡದ್ದೇ ಇಲ್ಲ." ಪರೀಕ್ಷೆಗೆಂದು ಅವರು ಒಂದು ಕಾಯ್ದೆಯ ಹೆಸರು ಹೇಳಿದರು. ಅವರ ಬಾಯಿ ಮುಚ್ಚುವ ಮೊದಲೇ ಅಧ್ಯಕ್ಷೆ ಅದನ್ನು ಅವರ ಕೈಗಿತ್ತರು. "ಯಾರು ತಾವು?"

"ಕಾನೂನು ಗ್ರಂಥಪಾಲಕರ ಸಂಘ ಸ್ವಾಮಿ. ನಮ್ಮ ಸದಸ್ಯರ ಬೆಂಬಲಕ್ಕೆ ಬಂದಿದೀವಿ."

"ಇಂಥ ಸಂಘ ಇದೆ ಅಂತಾನೇ ಗೊತ್ತಿರಲಿಲ್ಲ. ಇಷ್ಟೊಂದು ಪುಸ್ತಕ ಏನು ಮಾಡಿದ್ರಿ?"

"ಮುಕ್ಕಾಲು ಪಾಲು ಸತ್ತಿದ್ವು ಸ್ವಾಮಿ," ಎಂದರು ಅಧ್ಯಕ್ಷೆ ಹೆಮ್ಮೆಯಿಂದ. "ಜೀವ ಇರೋದು ಈ ಮೂರು ಕಪಾಟಷ್ಟೇ. ಎಲ್ಲಿ ಬೇಕಾದ್ರೂ ಹಿಡಿಯುತ್ತೆ."

ಸದ್ದುಬೇಡಪ್ಪನವರು ಕೈಯೆತ್ತಿದರು, ಬಾಯಿ ತೆರೆದರು. ದನಿ ಹೊರಡಲಿಲ್ಲ. ಎದುರಿಗೆ 'ಮೌನ' ಫಲಕ ಅವರನ್ನೇ ದುರುಗುಟ್ಟಿ ನೋಡುತ್ತಿತ್ತು.

"ಪಂಪ್ ಕೋಣೇಲಿ?" ಕಾಫಿ ವಕೀಲರು ಜೇನಿನಂಥ ದನಿಯಲ್ಲಿ ಕೇಳಿದರು.

"ಆರಾಮಾಗಿ," ಅಂದರು ಖಜಾಂಚಿ, ಮತ್ತು ಸೀನಿದರು.

"ಸರಿ ಹಾಗಾದ್ರೆ. ನನ್ನ ಮಾತು ಮಾತೇ," ಎಂದು ನ್ಯಾಯಾಧೀಶರು ಗಂಭೀರರಾದರು. "ಪುಸ್ತಕ ಪಂಪ್ ಕೋಣೆಗೆ ಹೋಗಲಿ. ಆದ್ರೆ ವಕೀಲ್ರೇ, ಇಷ್ಟು ನೋಡಿದ ಮೇಲೆ ಈ ಕೋಣೇನ ಕಾಫಿಗೆ ಕೊಡೋಕೆ ನನಗೆ ಮನಸ್ಸು ಬರ್ತಿಲ್ಲ. ಕೊಡಲ್ಲ."

ಕಾಫಿ ವಕೀಲರ ಮುಖ ಹಾಲು ಒಡೆದ ಹಾಗಾಯಿತು. ಸದ್ದುಬೇಡಪ್ಪನವರಿಗೆ ಹೋದ ಜೀವ ಅರ್ಧ ಬಂತು.

"ಮೇಡಂ, ನಿಮ್ಮ ಸಂಘದ ಕಚೇರಿ ಎಲ್ಲಿದೆ?"

"ಎಲ್ಲಿಯ ಕಚೇರಿ ಸ್ವಾಮಿ? ನಮ್ಮನೆ ಊಟದ ಮೇಜೇ ಕಚೇರಿ. ಮನೆಯವರು ತಟ್ಟೆ ಇಡೋ ಹೊತ್ತಿಗೆ ನಾವು ಸಭೆ ಮುಗಿಸಬೇಕು."

"ಇನ್ನು ಬೇಡ. ಈ ಕೋಣೆ ಇವತ್ತಿಂದ ನಿಮ್ಮ ಸಂಘಕ್ಕೆ. ಗ್ರಂಥಪಾಲಕರ ಕೋಣೆ ಗ್ರಂಥಪಾಲಕರ ಹತ್ತಿರವೇ ಉಳೀತು. ಏನ್ರೀ, ಈಗ ಸಂತೋಷ ತಾನೆ?" ಎಂದು ಸದ್ದುಬೇಡಪ್ಪನವರ ಬೆನ್ನು ತಟ್ಟಿ ಅವರು ಹೊರಟರು.

ಅಧ್ಯಕ್ಷೆಯ ಕಣ್ಣಲ್ಲಿ ನೀರು ಬಂತು. ಇಡೀ ಸಮಿತಿ ಸದ್ದುಬೇಡಪ್ಪನವರ ಕೈ ಕುಲುಕಿತು. "ನಿಮ್ಮಿಂದ ನಮಗೊಂದು ನೆಲೆ ಆಯ್ತು. ನಿಮ್ಮ ತ್ಯಾಗ ಸಂಘ ಯಾವತ್ತೂ ಮರೆಯಲ್ಲ," ಎಂದು ಖಜಾಂಚಿ ಗದ್ಗದಿತರಾದರು. ಹಳೆಯ ಬಾಕಿ ತೀರಿತ್ತು. ಇನ್ನು ಔದಾರ್ಯಕ್ಕೆ ಅಡ್ಡಿಯಿರಲಿಲ್ಲ.

"ತ್ಯಾಗ? ಯಾರ ತ್ಯಾಗ? ನಾನು ಕೊಟ್ಟಿದ್ದೆಲ್ಲಿ? ನೀವು ಕಿತ್ಕೊಂಡ್ರಿ!" ಎಂದು ಸದ್ದುಬೇಡಪ್ಪನವರು ಪಿಸುಗುಟ್ಟಿದರು. ಮೂರು ಕಪಾಟುಗಳು ಆಗಲೇ ಬಾಗಿಲು ದಾಟುತ್ತಿದ್ದವು. ಒಂದು ಪುಸ್ತಕವೂ ಕ್ರಮ ತಪ್ಪದಂತೆ, ಒಂದು ಕಾಲೂ ನೆಲಕ್ಕೆ ತಾಗಿ ಸದ್ದಾಗದಂತೆ ಸಮಿತಿ ಅವನ್ನು ಹೊತ್ತೊಯ್ಯುತ್ತಿತ್ತು.

ಕಾಫಿ ವಕೀಲರೂ ಸೋತು ಮನೆಗೆ ಹೋಗುವ ಪೈಕಿ ಅಲ್ಲ. ಅಧ್ಯಕ್ಷೆಯ ಹತ್ತಿರ ಬಂದು ಕೈ ಹೊಸೆದರು. "ಅಭಿನಂದನೆ ಮೇಡಂ. ಸಂಘ ಅಂದ ಮೇಲೆ ಸಭೆ, ಸಭೆ ಅಂದ ಮೇಲೆ ಕಾಫಿ. ನಮ್ಮ ಯಂತ್ರ ಪಾಪ ಹೊರಗೆ ನಿಂತಿದೆ. ಒಂದು ಮೂಲೇಲಿ ಇಟ್ಕೊಂಡ್ರೆ ನಿಮಗೂ ಆಯ್ತು, ನಾವೂ ಅವಾಗವಾಗ ಬಂದು..."

ಬೆಳಿಗ್ಗೆ ಉಗ್ರವಾಗಿ ಪಿಸುಗುಟ್ಟಿದ ಖಂಡನಾ ನಿರ್ಣಯ ಇನ್ನೂ ಮೇಜಿನ ಮೇಲೇ ಇತ್ತು. ಅಧ್ಯಕ್ಷೆ ಅದರ ಕಡೆಗೊಮ್ಮೆ, ಯಂತ್ರದ ಕಡೆಗೊಮ್ಮೆ ನೋಡಿದರು. ಮಧ್ಯಾಹ್ನದಿಂದ ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ.

"ಲೈಬ್ರರಿಗೆ ಯಂತ್ರ ತರೋದನ್ನ ನಾವು ಖಂಡಿಸಿದ್ದು," ಎಂದರು ಅವರು ನಿಧಾನವಾಗಿ. "ಇದು ಈಗ ಲೈಬ್ರರಿ ಅಲ್ಲವಲ್ಲ. ತನ್ನಿ."

ಯಂತ್ರ ಒಳಗೆ ಬಂತು. ಆದರೆ ಅದಕ್ಕೆ ಪೀಠವಿರಲಿಲ್ಲ. ಸೊಂಟದೆತ್ತರಕ್ಕೆ, ಸಮತಟ್ಟಾಗಿ, ಅಲುಗದ ಹಾಗೆ ಏನಾದರೂ ಬೇಕೆಂದ, ಅದನ್ನು ಜೋಡಿಸಲು ಬಂದ ಮೆಕ್ಯಾನಿಕ್. ಅಧ್ಯಕ್ಷೆ ಮೂಲೆಯ ಕಡೆಗೆ ಬೆರಳು ಮಾಡಿದರು. "ಇಗೋ, ಸತ್ತ ಕಾನೂನು! ಎಲ್ಲ ಒಂದೇ ಅಳತೆ, ಗಟ್ಟಿ ರಟ್ಟು. ಇದಕ್ಕಿಂತ ಭದ್ರ ಬುನಾದಿ ಎಲ್ಲಿ ಸಿಗುತ್ತೆ?"

ಮೆಟ್ಟಿಲಿಳಿಯುತ್ತಿದ್ದ ಸದ್ದುಬೇಡಪ್ಪನವರು ಕೊನೆಯ ಸಲ ತಿರುಗಿ ನೋಡಿದರು. ಆನೆಮರಿಯಂಥ ಯಂತ್ರ ಪೀಠವೇರಿ ಬುಸುಗುಡುತ್ತಿತ್ತು. ಅದರ ಅಡಿಯಲ್ಲಿ, ತೀರಾ ಕೆಳಗಿನ ಕಟ್ಟಿನಲ್ಲಿ, ಕಂದು ರಟ್ಟಿನ ಬೆನ್ನಿನ ಮೇಲೆ ನೀಲಿ ಬಟ್ಟೆಯ ತೇಪೆಯೊಂದು ಕಂಡಿತು.

ಅವರು ಓಡಿಹೋಗಿ ಅದಕ್ಕೆ ಕೈಹಾಕಿದರು. "ಮುಟ್ಟಬೇಡಿ ಸಾರ್! ಕುದಿಯೋ ನೀರು ತುಂಬಿದೆ," ಎಂದ ಮೆಕ್ಯಾನಿಕ್. "ಇನ್ನು ಅಲುಗಿಸಬೇಕಾದ್ರೆ ಕಾರ್ಯಕಾರಿ ಸಮಿತೀಲಿ ಇಟ್ಟು ತೀರ್ಮಾನ ಮಾಡ್ಬೇಕು," ಎಂದರು ಖಜಾಂಚಿ. "ಮುಂದಿನ ಸಭೇಲಿ ಅರ್ಜಿ ಕೊಡಿ."

ಪಂಪ್ ಕೋಣೆಯಲ್ಲಿ ಕಪಾಟುಗಳು ಅಚ್ಚುಕಟ್ಟಾಗಿ ಹಿಡಿದಿದ್ದವು. ಸದ್ದುಬೇಡಪ್ಪನವರೂ ಅಡ್ಡಡ್ಡ ತಿರುಗಿದರೆ ಹಿಡಿಯುತ್ತಿದ್ದರು. ಅವರು ಕುರ್ಚಿಯ ಮೇಲೆ ಕೂತು ನಿಟ್ಟುಸಿರು ಬಿಡುವಷ್ಟರಲ್ಲಿ ಮೋಟಾರು ಶುರುವಾಯಿತು. ನೂರು ವಕೀಲರು ಒಟ್ಟಿಗೆ ವಾದಿಸಿದ ಹಾಗೆ ಗೋಡೆ ಗಡಗಡ ಅದುರಿತು. ಬಾಗಿಲಲ್ಲಿ ದರ್ಜಿ ಅಕ್ಕ ಕಾಣಿಸಿದಳು. ಕೈಯಲ್ಲಿ ಹಾಳೆ, ಪೆನ್ನು. ಅವಳ ತುಟಿ ಅಲುಗಾಡಿತು.

"ಏನು ಅಕ್ಕಾ?"

ತುಟಿ ಮತ್ತೆ ಅಲುಗಾಡಿತು.

"ಜೋರಾಗಿ ಹೇಳಿ! ಜೋರಾಗಿ!" ಎಂದು ಸದ್ದುಬೇಡಪ್ಪನವರು ಕೂಗಿದರು. ಲೈಬ್ರರಿಯೊಳಗೆ ಅವರು ಕೂಗಿದ್ದು ಅದೇ ಮೊದಲು.

"ಹಳೇ ಬಾಡಿಗೆ ಕಾಯ್ದೆ ಅಣ್ಣಾ! ಎಲ್ಲಿದೆ?"

"ಮೇಲೆ! ಕಾಫಿ ಯಂತ್ರದ ಕೆಳಗೆ!"

"ಏನಂದ್ರಿ? ಯಾರು ಇಟ್ರು ಅಲ್ಲಿ?"

ಹೊತ್ತಾರೆಯಿಂದ ಎದೆಯಲ್ಲಿ ಕುದಿಯುತ್ತಿದ್ದುದೆಲ್ಲ ಒಮ್ಮೆಲೇ ಗಂಟಲಿಗೆ ಬಂತು. ಅವರು ಎದ್ದು ನಿಂತರು. ಮುಷ್ಟಿ ಬಿಗಿದು, ಕಣ್ಣು ಮುಚ್ಚಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಅಬ್ಬರಿಸಿದರು.

"ನಮ್ಮ ಸಂಘದವರು!"

ಆ ಗಳಿಗೆಗೆ ಸರಿಯಾಗಿ ತೊಟ್ಟಿ ತುಂಬಿ ಮೋಟಾರು ತಾನಾಗಿಯೇ ನಿಂತಿತ್ತು. ಕೂಗು ಮೆಟ್ಟಿಲು ಹತ್ತಿ, ಕಾರಿಡಾರು ಸುತ್ತಿ, ಇಡೀ ಕಟ್ಟಡದಲ್ಲಿ ಮೊಳಗಿತು.

ಮೇಲಿನ ಬಾಗಿಲು ತೆರೆಯಿತು. ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದ ಅಧ್ಯಕ್ಷೆ ಕಂಬಿಯ ಮೇಲಿಂದ ಬಗ್ಗಿ, ಇನ್ನೊಂದು ಕೈಯ ಬೆರಳನ್ನು ತುಟಿಗಿಟ್ಟರು.

"ಶ್! ಸದ್ದು ಬೇಡಪ್ಪ! ಇಲ್ಲಿ ನಿಮ್ಮ ಅಭಿನಂದನಾ ಸಭೆ ನಡೀತಿದೆ."